ಯೂನಿಫಾರಂ ರೂಮಿನ ಬೀಗದ ಕೈ

ನಾನು ಸುಮ್ನೆ ಜಗಲಿ ಮೇಲೆ ಕೂತಿದ್ರೂ ಸರಿ, ಎಡವಟ್ಟುಗಳು ದೊಡ್ಡಬಳ್ಳಾಪುರದ ಅಷ್ಟೂ ಬೀದಿ ಸುತ್ತಿ, ನನ್ನ ಮನೆ ಎಲ್ಲಿ ಅಂತ ಕೇಳ್ಕೊಂಡು, ನನ್ನ ಮುಂದೇನೇ ಬಂದು ನಿಲ್ತವೆ. ಐವತ್ತು ವರ್ಷ ಮಗ್ಗ ಆಡಿಸಿದೋನು ನಾನು. ನನ್ನಂಥ ನೇಕಾರ ಈ ಊರಲ್ಲಿ ಇನ್ನೊಬ್ಬ ಹುಟ್ಟಿಲ್ಲ. ಒಂದ್ಸಲ ನನ್ನ ವೇಗಕ್ಕೆ ತಪ್ಪಿಸ್ಕೊಳ್ಳೋಕಾಗ್ದೆ ಒಂದು ನೊಣ ಎಳೆಗಳ ನಡುವೆ ಸಿಕ್ಕಿ ಸೀರೆ ಒಳಗೇ ಸೇರ್ಕೊಂಡ್ಬಿಡ್ತು. ಬೆಂಗಳೂರಿನ ಅಂಗಡಿಯೋರು ಅದನ್ನ ನೋಡಿ, "ಈ ನೊಣದ ಬುಟ್ಟಾ ಬಹಳ ಚೆನ್ನಾಗಿದೆ, ಇದೇ ತರ ಇನ್ನೂ ಮೂವತ್ತು ಸೀರೆ ಕಳಿಸಿ" ಅಂದ್ರು. ನೊಣ ಹಿಡಿಯೋಕೇ ಇಬ್ಬರು ಆಳು ಇಟ್ಟಿದ್ದೆ. ನಂಬೋರು ನಂಬಿ.

ಮಂಡಿ ನೋವು ಶುರುವಾದ ಮೇಲೆ ಮಗ "ಸಾಕು ಬಿಡಪ್ಪ" ಅಂದ. ಬಿಟ್ಟೆ. ಬಿಟ್ಟ ಮಾರನೇ ದಿನದಿಂದ ನನ್ನನ್ನ ಯಾರೂ ಏನೂ ಕೇಳೋದೇ ಇಲ್ಲ. ಸಾರಿಗೆ ಉಪ್ಪು ಸರಿಯಾಗಿದೆಯಾ ಅಂತಾನೂ ಕೇಳಲ್ಲ. ಅಂಥ ಹೊತ್ತಲ್ಲಿ ನಮ್ಮ ಬೀದಿಯ ಹೆಂಗಸರ ಸಂಘದೋರು ಒಂದು ಕೆಲಸ ಶುರು ಮಾಡಿದ್ರು. ಮಕ್ಕಳು ಬೆಳೀತಾರೆ, ಅವರ ಯೂನಿಫಾರಂ ಬೆಳೆಯಲ್ಲ. ಒಂದು ಮನೇಲಿ ಗಿಡ್ಡ ಆದದ್ದು ಇನ್ನೊಂದು ಮನೆಗೆ ಸರಿಹೋಗ್ತದೆ. ಗಿಡ್ಡ ಆದದ್ದನ್ನ ಸಂಘದ ರೂಮಿಗೆ ತಂದಿಡೋದು, ಬೇಕಾದೋರು ತಗೊಂಡು ಹೋಗೋದು. ಗುಂಡಿ ಹಾಕಿ, ಹರಿದದ್ದು ಹೊಲಿದು, ಎಲ್ಲ ನೆಟ್ಟಗೆ ಮಾಡೋರು ನಮ್ಮ ಟೈಲರ್ ಆಪಾ. ವಯಸ್ಸಲ್ಲಿ ನನ್ನ ಮಗಳಂಥೋರು, ಆದ್ರೆ ಬೀದಿಯೆಲ್ಲ ಆಪಾ, ಅಂದ್ರೆ ಅಕ್ಕ, ಅಂತದೆ, ನಾನೂ ಆಪಾ ಅಂತೀನಿ. ಅವರದ್ದು ಒಂದೇ ಕಟ್ಟುನಿಟ್ಟು: ಯಾರು ಕೊಟ್ರು, ಯಾರು ಇಸ್ಕೊಂಡ್ರು, ಎಷ್ಟು ಮಕ್ಕಳು, ಯಾವ ಕಷ್ಟ, ಒಂದೂ ಕೇಳಬಾರದು. ಯಾವ ಮಗೂನೂ ನಾಚ್ಕೋಬಾರದು.

ಹೆಂಗಸರೆಲ್ಲ ಹಗಲು ಮಗ್ಗಕ್ಕೆ, ಗಾರ್ಮೆಂಟ್ಸಿಗೆ ಹೋಗೋರು. ರೂಮಲ್ಲಿ ಕೂರೋಕೆ ಒಬ್ಬರು ಬೇಕಿತ್ತು. "ನಾನಿದೀನಿ" ಅಂತ ಬೀಗದ ಕೈ ಇಸ್ಕೊಂಡು ಉಡದಾರಕ್ಕೆ ಕಟ್ಕೊಂಡೆ. ಅವತ್ತಿಂದ ಬೀದಿಯೆಲ್ಲ "ತಾತಾ ಇದೀರಾ? ತಾತಾ ಬರ್ಲಾ?" ಮಗ್ಗ ಬಿಟ್ಟ ಮೇಲೆ ಮೊದಲನೇ ಸಲ ನಾನು ಇದ್ದೀನಿ ಅಂತ ನಂಗೇ ಅನ್ನಿಸ್ತು.

ನಾನು ಶಾಲೆ ಮೆಟ್ಟಿಲು ಹತ್ತಿದೋನಲ್ಲ. ಕನ್ನಡ ಅಕ್ಷರ ಬಸ್ಸಿನ ಬೋರ್ಡು ನೋಡಿ ಕಲ್ತೆ. ಇಂಗ್ಲಿಷು ಬರಲ್ಲ. ಯೂನಿಫಾರಂ ಮೇಲೆ ಶಾಲೆ ಹೆಸರು, ಅಳತೆ ಎಲ್ಲ ಇಂಗ್ಲಿಷಲ್ಲೇ ಇರ್ತದೆ. ಇರ್ಲಿ, ನನ್ನ ಗೇಣು, ನನ್ನ ಕಣ್ಣು ಇದಾವಲ್ಲ ಅಂದ್ಕೊಂಡೆ. ಅಲ್ಲಿಂದ ಶುರುವಾಯ್ತು.

೧. ನಿಂತೇ ಬಿಟ್ಟ ಅಂಗಿ

ಮೊದಲನೇ ವಾರ ಆಪಾ ಹೇಳಿದ್ರು, "ತಾತಾ, ಇಸ್ಕೊಳ್ಳೋರಿಗೆ ಹಳೇದು ಅಂತ ಅನ್ನಿಸ್ಬಾರ್ದು. ಗರಿಗರಿ ಇರ್ಬೇಕು."

ಗರಿಗರಿ ಮಾಡೋದು ನಂಗೆ ಹೇಳ್ಕೊಡ್ಬೇಕಾ? ನಾನು ಹುಡುಗನಾಗಿದ್ದಾಗ ಹತ್ತಿ ನೂಲಿಗೆ ಗಂಜಿ ಹಾಕಿ ಹಾಕಿ ಕೈ ಪಳಗಿದೋನು. ಎಳೆ ಹರೀಬಾರ್ದು ಅಂತ ನೂಲಿಗೆ ಹಾಕೋ ಗಂಜಿ ಅದು, ಅಂಗಿಗೆ ಹಾಕೋದಲ್ಲ. ಅದೇ ಗಟ್ಟಿ ಗಂಜಿ ಒಂದು ಹಂಡೆ ಕಾಯಿಸಿ, ಒಂದು ಗಂಟು ಬಟ್ಟೆ ಪೂರ್ತಿ ಅದ್ದಿ ಹಾಕ್ದೆ. ಮಧ್ಯಾಹ್ನ ಹೋಗಿ ನೋಡ್ತೀನಿ, ಹಗ್ಗದ ಮೇಲಿನ ಅಂಗಿಗಳು ಅಲ್ಲಾಡ್ತಾನೇ ಇಲ್ಲ. ಗಾಳಿ ಬಂದು ಡಿಕ್ಕಿ ಹೊಡೆದು ವಾಪಸ್ ಹೋಗ್ತಾ ಇದೆ. ಒಂದನ್ನ ತೆಗೆದು ನೆಲಕ್ಕಿಟ್ಟೆ, ಕೈ ಎರಡೂ ಚಾಚ್ಕೊಂಡು ತಾನೇ ನಿಂತ್ಕೊಂಡ್ತು. ಒಂದು ಬೆಕ್ಕು ಒಳಗೆ ಬಂದು, ಅಂಗಿಯ ಮುಖ ಹುಡುಕಿ, ಸಿಗದೆ ಓಡಿಹೋಯ್ತು.

ಒಬ್ಬ ತಾಯಿ ಅದರಲ್ಲೇ ಒಂದು ಜೊತೆ ತಗೊಂಡು ಹೋದ್ಲು. ಮಾರನೇ ದಿನ ಸಂಜೆ ಬಂದ್ಲು.

"ತಾತಾ, ಮೇಷ್ಟ್ರು ಕೂತ್ಕೋ ಅಂದ್ರೆ ನನ್ನ ಮಗ ಕೂರ್ಲಿಲ್ವಂತೆ."

"ಯಾಕಮ್ಮಾ, ಹಟಾನಾ?"

"ಹಟ ಅಲ್ಲ ತಾತಾ, ಚಡ್ಡಿ ಬಗ್ಗಲಿಲ್ಲ. ಹೇಳಿದ್ ಮಾತು ಕೇಳಲ್ಲ ಅಂತ ಮೇಷ್ಟ್ರು ನಿಲ್ಸಿದ್ರಂತೆ. ಅವನಿಗೆ ಬೇಕಾಗಿದ್ದೂ ಅದೇ."

"ಆಮೇಲೆ?"

"ಯಾವುದೋ ಪ್ರಶ್ನೆಗೆ ಕೈ ಎತ್ತಿದಾನೆ, ತೋಳು ಕೆಳಗಿಳೀಲೇ ಇಲ್ಲ. ಎಲ್ಲ ಪ್ರಶ್ನೆಗೂ ಇವನದೇ ಕೈ ಮೇಲೆ. ಮೇಷ್ಟ್ರು ಖುಷಿಯಾಗಿ ಲೀಡರ್ ಮಾಡವ್ರೆ. ಈಗ ಮಗ ಹೊರಗೆ ನಿಂತವ್ನೆ ತಾತಾ, ಕೈ ಇಳಿಸ್ಕೊಡಿ, ಬಾಗಿಲಲ್ಲಿ ಹಿಡೀತಿಲ್ಲ."

೨. ರಾಮಾ ಗ್ರೀನು, ಬಾಟಲ್ ಗ್ರೀನು

ಹಸಿರಲ್ಲಿ ನಂಗೆ ಎಷ್ಟು ಹಸಿರು ಗೊತ್ತು ಅಂತ ಕೇಳಬೇಡಿ. ಗಿಣಿ ಹಸಿರು, ಎಲೆ ಹಸಿರು, ಬಾಳೆ ಸುಳಿಯ ಹಸಿರು, ರಾಮಾ ಗ್ರೀನು, ಬಾಟಲ್ ಗ್ರೀನು. ಕಣ್ಣಿಗೆ ಬಟ್ಟೆ ಕಟ್ಟಿದ್ರೂ ನೂಲು ಮುಟ್ಟಿ ಬಣ್ಣ ಹೇಳ್ತಿದ್ದೆ. ಹೇಳಿದ್ದೆಲ್ಲ ಸರಿ ಇರ್ತಿತ್ತು, ಇಲ್ಲ ಅನ್ನೋ ಧೈರ್ಯ ಯಾರಿಗೂ ಇರ್ಲಿಲ್ಲ.

ನಮ್ಮ ಬೀದಿಗೆ ಎರಡು ಶಾಲೆಯ ವ್ಯಾನು ಬರ್ತವೆ. ಒಂದು ಶಾಲೆಯ ಹೆಣ್ಮಕ್ಕಳ ಲಂಗ ರಾಮಾ ಗ್ರೀನು, ಇನ್ನೊಂದರದ್ದು ಬಾಟಲ್ ಗ್ರೀನು. ಏರ್‌ಪೋರ್ಟಿಗೆ ಕ್ಯಾಬ್ ಓಡಿಸೋ ಒಬ್ಬ ಅಪ್ಪ ಬಂದ. ಎರಡನೇ ಕ್ಲಾಸಿನ ಮಗಳಿಗೆ ರಾಮಾ ಗ್ರೀನು ಬೇಕಿತ್ತು. ಬೆಳಕಿಗೆ ಹಿಡಿದು ನೋಡಿ, ರಾಮಾ ಗ್ರೀನೇ ಕೊಟ್ಟೆ. ಆದ್ರೆ ಬಾಟಲ್ ಗ್ರೀನನ್ನ ಎರಡು ವರ್ಷ ಒಗೆದು ಬಿಸಿಲಿಗೆ ಹಾಕಿದ್ರೆ ಅದೂ ರಾಮಾ ಗ್ರೀನೇ ಆಗ್ತದೆ ಅಂತ ನಂಗೇನು ಗೊತ್ತು? ನಮ್ಮ ಕಾಲದ ಬಣ್ಣ ಸೀರೆ ಹರಿದ್ರೂ ಹೋಗ್ತಿರಲಿಲ್ಲ. ಶಾಲೆಯ ಗುರುತು ಲಂಗದ ಜೇಬಿನ ಮೇಲೆ ಇತ್ತು, ಇಂಗ್ಲಿಷಲ್ಲಿ. ನಾನು ನೋಡಲಿಲ್ಲ, ಪಾಳಿ ತಪ್ಪೋ ಗಡಿಬಿಡೀಲಿ ಅವನೂ ನೋಡಲಿಲ್ಲ.

ಬೆಳಿಗ್ಗೆ ವ್ಯಾನಿನ ಆಯಮ್ಮ ಮಕ್ಕಳ ಮುಖ ನೋಡ್ತಾಳಾ? ಗುರುತು ನೋಡಿ ವ್ಯಾನಿಗೆ ಎತ್ತಿ ಹಾಕೋದು. ಹುಡುಗೀನ ಇನ್ನೊಂದು ಶಾಲೆಗೆ ಎತ್ತಿ ಹಾಕ್ಕೊಂಡು ಹೋದ್ಲು. ಅಲ್ಲಿ ಹಾಜರಿ ಪುಸ್ತಕದಲ್ಲಿ ಇವಳ ಹೆಸರಿಲ್ಲ. ಹೊಸ ಸೇರ್ಪಡೆ ಇರ್ಬೇಕು ಅಂತ ಟೀಚರು ಮೊದಲನೇ ಬೆಂಚಲ್ಲಿ ಕೂರಿಸಿದ್ರು. ಇವಳ ಶಾಲೆಯಿಂದ ಮನೆಗೆ ಫೋನ್ ಬಂತು, "ಮಗು ಬಂದಿಲ್ವಲ್ಲ?" ತಾಯಿ ಓಡಿದ್ಲು, ಬೀದಿ ಓಡ್ತು, ಎಲ್ಲರಿಗಿಂತ ಮುಂದೆ ನಾನು ಓಡಿದೆ, ಈ ಮಂಡಿ ಇಟ್ಕೊಂಡು. ಎತ್ತ ಓಡಬೇಕು ಅಂತ ಮಾತ್ರ ಗೊತ್ತಿರಲಿಲ್ಲ, ರೈಲ್ವೆ ಗೇಟಿನ ತನಕ ಹೋಗಿ ವಾಪಸ್ ಬಂದೆ. ಆಪಾ ಸ್ಕೂಟರಲ್ಲಿ ಬಂದು, "ಹಿಂದೆ ಕೂತ್ಕೊಳ್ಳಿ ತಾತಾ, ಆ ಲಂಗ ಯಾವ ಕಟ್ಟಿಂದ ತೆಗೆದ್ರಿ ಹೇಳಿ" ಅಂದ್ರು. ಹೇಳಿದ ತಕ್ಷಣ ಹಣೆ ಚಚ್ಕೊಂಡು ನೇರ ಆ ಶಾಲೆಗೇ ಬಿಟ್ರು.

ಹುಡುಗಿ ಕೈ ಮೇಲೆ ಕೆಂಪು ಇಂಕಿನ ಸ್ಟಾರು ಹಾಕಿಸ್ಕೊಂಡು ಹಾಯಾಗಿ ಕೂತಿದ್ಲು. ತಾಯಿ ಅಳ್ತಾ ತಬ್ಕೊಂಡ್ರೆ ಇವಳು ಬರಲ್ಲ ಅಂತಾಳೆ.

"ಅಮ್ಮಾ, ನಾಳೇನೂ ಇಲ್ಲಿಗೇ ಬರ್ತೀನಿ. ಇಲ್ಲಿ ಇನ್ನೂ ಎರಡರ ಮಗ್ಗೀನೇ ನಡೀತಾ ಇದೆ!"

ಎಲ್ಲರೂ ನಕ್ರು. ಆಪಾ ನಗಲಿಲ್ಲ. ದಾರೀಲಿ ಸ್ಕೂಟರ್ ನಿಲ್ಲಿಸಿ, "ತಾತಾ, ನಿಮ್ ಮೇಲೆ ನಂಗೆ ಪ್ರೀತಿ ಇದೆ. ಆದ್ರೆ ಇನ್ನೊಂದ್ ಸಲ ಹಿಂಗಾದ್ರೆ ಕೀ ವಾಪಸ್ ಕೊಟ್ಬಿಡಿ" ಅಂದ್ರು. ಸೊಂಟ ಮುಟ್ಟಿ ನೋಡ್ಕೊಂಡೆ. ಕೀ ಇತ್ತು.

೩. ಬಿಚ್ಚದ ಗಂಟು

ಅವತ್ತಿಂದ ಬಹಳ ಹುಷಾರಾದೆ. ಬಟ್ಟೆ ಕೊಡೋ ಮುಂಚೆ ಗುರುತು ಇಂಥದ್ದೇ ತಾನೇ ಅಂತ ಬಂದವರನ್ನೇ ಕೇಳ್ತಿದ್ದೆ. ಬಟ್ಟೆಯಲ್ಲಿ ತಪ್ಪಾಗ್ಲಿಲ್ಲ. ಟೈಯಲ್ಲಿ ಆಯ್ತು.

ಒಬ್ಬ ಹುಡುಗನ ತಾಯಿ, "ಇದನ್ನ ಕಟ್ಟೋಕೆ ನಂಗೆ ಬರಲ್ಲ, ನೀವೇ ಕಟ್ಕೊಡಿ ತಾತಾ" ಅಂದ್ಲು. ಮಗ್ಗದಲ್ಲಿ ಎಳೆ ಹರಿದ್ರೆ ನಾವು ಹಾಕೋ ಗಂಟು ಒಂದಿದೆ. ಎಳೆದಷ್ಟೂ ಬಿಗೀತದೆ, ಜಾರೋ ಮಾತೇ ಇಲ್ಲ. ನನ್ನ ಕೈಗೆ ಬರೋದು ಅದೊಂದೇ ಗಂಟು. ಹಾಕ್ದೆ. ತಲೆಯಿಂದ ತೆಗೆಯೋಕೆ ಜಾಗ ಬಿಡಬೇಕು ಅಂತ ಹೊಳೀಲಿಲ್ಲ.

ಹುಡುಗ ಟೈ ಸಮೇತ ಊಟ ಮಾಡ್ದ, ಟೈ ಸಮೇತ ಸ್ನಾನ ಮಾಡ್ದ. ಅವನಜ್ಜಿ ಕತ್ತರಿ ತಂದ್ರೆ ತಾಯಿ ಬಿಡ್ಲಿಲ್ಲ, "ಕತ್ತರಿಸಬೇಡಿ ಅತ್ತೆ, ಮುಂದಿನ ವರ್ಷ ಇನ್ನೊಬ್ಬರ ಮಗೂಗೆ ಹೋಗ್ಬೇಕಾದ್ದು." ಭಾನುವಾರ ಅರಿಶಿನಕುಂಟೆಯಲ್ಲಿ ನೆಂಟರ ಮದುವೆ. ಅಲ್ಲಿಗೂ ಟೈ ಹಾಕ್ಕೊಂಡೇ ಹೋದ. ಊಟದ ಹಾಲಲ್ಲಿ ಟೈ ಕಟ್ಟಿದೋನು ಇವನೊಬ್ಬನೇ. ಬಡಿಸೋನೊಬ್ಬ ಓಡಿಬಂದು ಕೈಕಟ್ಟಿ ನಿಂತು ಕೇಳಿದ್ನಂತೆ:

"ಸಾರ್, ಎರಡನೇ ಪಂಕ್ತಿಗೂ ಹೋಳಿಗೆ ಬಿಡ್ಲಾ, ಇಲ್ಲ ಅನ್ನಕ್ಕೆ ಹೋಗ್ಲಾ?"

ಸೋಮವಾರ ಆಪಾ ಸೂಜಿ ಹಾಕಿ ಗಂಟು ಬಿಡಿಸಿದ್ರು. ಒಂದು ಗಂಟೆ ಹಿಡೀತು. ಬಿಡಿಸಿ ಮುಗಿಸಿ ನನ್ನ ಸೊಂಟದ ಕಡೆ ಒಂದು ನೋಟ ನೋಡಿದ್ರು. ಬಾಯಿ ಮಾತ್ರ ಬಿಡ್ಲಿಲ್ಲ, ಬಾಯಲ್ಲಿ ಸೂಜಿ ಇತ್ತು.

೪. ಒಂಬತ್ತು ಮಕ್ಕಳ ತಾಯಿ

ಒಂದು ಬುಧವಾರ ಮಧ್ಯಾಹ್ನ ಒಬ್ಬ ಹೆಂಗಸು ಬಂದ್ಲು. ಬಿಸಿಲಲ್ಲಿ ನಡೆದು ಸುಸ್ತಾಗಿದ್ಲು. ಮಾತಲ್ಲಿ ತೆಲುಗಿನ ರಾಗ.

"ತಾತಾ, ಹಳೇ ಬಟ್ಟೆ ಇದಾವಾ?"

"ಇದಾವಮ್ಮಾ. ಎಷ್ಟು ಬೇಕು?"

"ಎಷ್ಟಿದ್ರೂ ಆಗ್ತದೆ."

ಎಷ್ಟು ಮಕ್ಕಳು ಅಂತ ಕೇಳೋ ಹಾಗಿಲ್ಲ, ಆಪಾ ಕಟ್ಟುನಿಟ್ಟು. ಅದಕ್ಕೆ ಸುತ್ತು ಬಳಸಿ ಕೇಳ್ದೆ, "ಯಾವ ಅಳತೇದು ಬೇಕಮ್ಮಾ?"

"ಎಲ್ಲಾ ಅಳತೇದೂ."

ಬೆರಳು ಮಡಚಿ ನಮ್ಮಲ್ಲಿರೋ ಅಳತೆಗಳನ್ನ ಎಣಿಸಿದೆ. ಒಂದನೇ ಕ್ಲಾಸಿಂದ ಒಂಬತ್ತನೇ ಕ್ಲಾಸಿನ ತನಕ ಒಂದೊಂದು ಕ್ಲಾಸಿಗೆ ಒಂದೊಂದು ಮಗು! ಒಂಬತ್ತು ಜೊತೆ ತೆಗೆದಿಟ್ಟೆ. ಅವಳು ಒಂದೊಂದನ್ನೂ ಎಳೆದು, ಹೊಲಿಗೆ ಜಗ್ಗಿ, "ಇದು ಸವೆದದೆ, ಬೇರೆ ಕೊಡಿ" ಅಂತ ನೋಡಿದ್ಲು. ಎಂಥ ಎಚ್ಚರದ ತಾಯಿ ಅಂತ ಮೆಚ್ಕೊಂಡೆ. ಗಂಟು ಕಟ್ಟಿ, ಹೊರಗೆ ಹೋಗಿ, ಒಂದು ಸ್ಟೀಲ್ ಬಕೆಟ್ ತಂದು ನನ್ನ ಮುಂದಿಟ್ಲು.

"ಇದು ಇಟ್ಕೊಳ್ಳಿ."

"ಅಯ್ಯೋ ಬೇಡಮ್ಮಾ!"

ಅವಳು ಸ್ವಲ್ಪ ಯೋಚಿಸಿ ಮತ್ತೆ ಹೊರಗೆ ಹೋಗಿ ಒಂದು ಸೌಟು ತಂದ್ಲು. "ಸರಿ, ಇದೂ ಸೇರಿಸ್ಕೊಳ್ಳಿ."

"ಏನೂ ಬೇಡ ಅಂದ್ನಲ್ಲ ತಾಯಿ, ನಿನ್ನ ಮನೆಗೇ ಬೇಕಾಗ್ತದೆ, ತಗೊಂಡು ಹೋಗು."

ಎರಡು ಲೋಟ ಬಂತು. ಕೈ ಮುಗಿದೆ. ಒಂದು ಮುಚ್ಚಳ ಬಂತು. ನಾನು ಬೇಡ ಅಂದಷ್ಟೂ ಪಾತ್ರೆ ಹೆಚ್ಚಾಗ್ತಾ ಇದೆ. ನಂಗೆ ತಲೆಬುಡ ತಿಳೀತಿಲ್ಲ. ಇಷ್ಟು ಪಾತ್ರೆ ಇರೋಳಿಗೆ ಬಟ್ಟೆ ಯಾಕಿಲ್ಲ? ಕಣ್ಣಲ್ಲಿ ನೀರು ಬಂದು, "ಸಾಕಮ್ಮಾ, ನನ್ನ ಕೈಲಿ ಆಗಲ್ಲ" ಅಂದೆ. ಅವಳು ಕೊನೇದಾಗಿ ಒಂದು ಜಾಲರಿ ಎಸೆದು, ಗಂಟು ಹೊತ್ಕೊಂಡು ಅಂದ್ಲು:

"ಅಪ್ಪಾ ಸ್ವಾಮಿ, ಇಪ್ಪತ್ತು ವರ್ಷದಿಂದ ಹಳೇ ಬಟ್ಟೆಗೆ ಪಾತ್ರೆ ಹಾಕ್ತಾ ಇದೀನಿ. ನಿಮ್ಮಂಗೆ ಅತ್ತು ಚೌಕಾಸಿ ಮಾಡೋರನ್ನ ಈ ತಾಲ್ಲೂಕಲ್ಲೇ ನೋಡ್ಲಿಲ್ಲ!"

ಸಂಜೆ ಆಪಾ ಬಸ್ ಸ್ಟ್ಯಾಂಡ್ ಹತ್ರ ಅವಳನ್ನ ಹಿಡಿದು, ಪಾತ್ರೆ ಕೊಟ್ಟು ಬಟ್ಟೆ ವಾಪಸ್ ತಂದ್ರು. ಬಂದೋರು ಕೂರ್ಲೂ ಇಲ್ಲ. "ತಾತಾ, ಶನಿವಾರ ಸಂಘದೋರೆಲ್ಲ ಇರ್ತಾರೆ. ಅವತ್ತು ಕೀ ಕೊಟ್ಬಿಡಿ." ಸಂಘದಲ್ಲಿ ಒಬ್ಬರೂ ನನ್ನ ಪರ ಮಾತಾಡ್ಲಿಲ್ಲ. ಒಬ್ಬಾಕೆ ಮಾತ್ರ ಜಾಲರಿ ಚೆನ್ನಾಗಿತ್ತು ಅಂದ್ಲು.

ಗುರುವಾರ, ಶುಕ್ರವಾರ ಸುಮ್ಸುಮ್ನೆ ಬೀಗ ಹಾಕೋದು, ತೆಗೆಯೋದು ಮಾಡ್ತಾ ಕೂತೆ. ಐವತ್ತು ವರ್ಷ ನೇಯ್ದ ಮಗ್ಗ ಬಿಟ್ಟಾಗ ಕೂಡ ಇಷ್ಟು ಬೇಜಾರಾಗಿರಲಿಲ್ಲ. ಕೀ ಹೋದ್ರೆ ಮತ್ತೆ ಜಗಲಿ, ಮತ್ತೆ ಯಾರೂ ಏನೂ ಕೇಳದ ದಿನಗಳು.

೫. ಫೋಟೋಗೆ ಒಂದು ಮಗು

ಶನಿವಾರ ಕೀ ಉಡದಾರದಿಂದ ಬಿಚ್ಚಿ ಆಪಾ ಕೈಗೆ ಕೊಟ್ಟೆ. ಅವರು ಅದನ್ನ ಪರ್ಸಿಗೆ ಹಾಕೋ ಹೊತ್ತಿಗೆ ಸರಿಯಾಗಿ ಒಂದು ದೊಡ್ಡ ಕಾರು ಬಂದು ನಿಂತ್ಕೊಂಡ್ತು.

ನಮ್ಮೂರಿನ ಹೊಸ ಬಡಾವಣೆಯಲ್ಲಿ ಒಬ್ಬ ದೊಡ್ಡ ಮನುಷ್ಯರಿದಾರೆ. ದೇವನಹಳ್ಳಿ ಕಡೆ ಜಮೀನು ವ್ಯಾಪಾರ ಮಾಡಿ ಮೇಲೆ ಬಂದೋರು. ನಮ್ಮ ರೂಮಿಗೆ ಒಂದು ಕಬ್ಬಿಣದ ಬೀರು ಕೊಡಿಸ್ತೀನಿ ಅಂದಿದ್ರು. ಅದಕ್ಕೆ ಒಂದೇ ಒಂದು ಫೋಟೋ ಬೇಕು, ಅವರು ಬಡ ಮಗುವಿಗೆ ಯೂನಿಫಾರಂ ಕೊಡ್ತಾ ಇರೋದು. ಇಲಿ ಕಾಟಕ್ಕೆ ಬೀರು ಬೇಕೇ ಬೇಕಿತ್ತು. ಸಂಘದ ಹೆಂಗಸರು "ಒಂದು ಫೋಟೋ ತಾನೇ" ಅಂದ್ರು. ಆಪಾ "ನಮ್ ಮಕ್ಕಳ ಮುಖ ಒಂದೂ ಫೋಟೋದಲ್ಲಿ ಬರಬಾರ್ದು" ಅಂದ್ರು. ಅಷ್ಟರಲ್ಲಿ ದೊಡ್ಡ ಮನುಷ್ಯರು ಇಳಿದೇ ಬಿಟ್ರು, ಹಿಂದೆ ಫೋಟೋಗ್ರಾಫರು, ಬ್ಯಾನರು, ಒಂದು ಬುಟ್ಟಿ ಲಾಡು.

ಆಪಾ ನನ್ನ ಕಿವಿ ಹತ್ರ ಬಂದ್ರು. "ತಾತಾ, ನಾನು ಇವರ ಹತ್ರ ಮಾತಾಡ್ತಿರ್ತೀನಿ. ನೀವು ಬಾಗಿಲಲ್ಲಿ ನಿಂತು, ನಮ್ ಮಕ್ಕಳು ಯಾರೂ ಒಳಗೆ ಬರ್ದಂಗೆ ನೋಡ್ಕೊಳ್ಳಿ. ಇದೊಂದಾದ್ರೂ ಸರಿಯಾಗಿ ಮಾಡಿ."

ಬಾಗಿಲಲ್ಲಿ ನಿಂತೆ. ನಮ್ಮ ಬೀದಿ ಮಕ್ಕಳು ಲಾಡು ನೋಡಿ ಬಂದ್ರು, ಎಲ್ಲರನ್ನೂ ಓಡಿಸ್ದೆ. ಒಬ್ಬ ಹುಡುಗ ಮಾತ್ರ ಹೋಗಲಿಲ್ಲ. ಕೆದರಿದ ತಲೆ, ಮಂಡಿಯೆಲ್ಲ ಮಣ್ಣು, ಅಂಗಿಯ ಕಾಲರ್ ಬಾಯಲ್ಲಿ. ಯಾವತ್ತೂ ನೋಡಿರದ ಮುಖ.

"ಹೋಗಪ್ಪಾ ಮನೆಗೆ."

"ಹೋಗೋಕಾಗಲ್ಲ."

"ಯಾಕೆ?"

"ಕಾರ್ ಲಾಕ್ ಆಗಿದೆ."

ನಂಗೆ ಏನೂ ಅರ್ಥ ಆಗ್ಲಿಲ್ಲ. ಮನೆಗೆ ಹೋಗು ಅಂದ್ರೆ ಕಾರು ಅಂತಾನೆ, ಪಾಪ ಹಸಿವಿಗೆ ತಲೆ ತಿರುಗಿರ್ಬೇಕು ಅಂದ್ಕೊಂಡು ಲಾಡು ಕೊಡೋಕೆ ಒಳಗೆ ಕರೆದೆ. ಕರೆದದ್ದೇ ತಪ್ಪಾಯ್ತು. ಫೋಟೋಗ್ರಾಫರು ಅವನ ಮಂಡಿ ಮಣ್ಣು ನೋಡಿ, "ಆಹಾ, ಇಂಥದ್ದೇ ಮಗು ಬೇಕಾಗಿತ್ತು" ಅಂತ ಭುಜ ಹಿಡಿದು ನಿಲ್ಲಿಸ್ಕೊಂಡ. ಆಪಾ ನನ್ನ ಕಡೆ ಕಣ್ಣು ಬಿಟ್ರು. ಮುಖ ಬರಬಾರ್ದು ಅಂದಿದ್ರಲ್ಲ, ಅಂತ ಓಡಿಹೋಗಿ ಹುಡುಗನ್ನ ತಿರುಗಿಸಿ, ಕ್ಯಾಮೆರಾ ಕಡೆ ಬೆನ್ನು ಮಾಡಿ ನಿಲ್ಲಿಸ್ದೆ. "ಮಾತಾಡಬೇಡ ಮರಿ, ಎರಡು ಲಾಡು ಕೊಡ್ತೀನಿ." ಗೇಣು ಹಾಕಿ ಅವನ ಸೊಂಟ, ಕಾಲು ಅಳೆದು, ಕಟ್ಟಿನಿಂದ ಒಂದು ಬೂದು ಪ್ಯಾಂಟು ಎಳೆದು ದೊಡ್ಡ ಮನುಷ್ಯರ ಕೈಗಿಟ್ಟೆ.

ದೊಡ್ಡ ಮನುಷ್ಯರು ಫೋಟೋಗೆ ಅಂತ ದಪ್ಪ ಕನ್ನಡಕ ತೆಗೆದು ಜೇಬಿಗಿಟ್ಟಿದ್ರು. ಮುಖ ಪೂರ್ತಿ ಕ್ಯಾಮೆರಾ ಕಡೆ. ಕೈ ಮಾತ್ರ ಹುಡುಗನ ತಲೆ ಹುಡುಕಿ ಸವರ್ತು.

"ಸಾರ್, ಏನಾದ್ರೂ ಹೇಳಿ, ವಿಡಿಯೋನೂ ತಗೋತಾ ಇದೀನಿ" ಅಂದ ಫೋಟೋಗ್ರಾಫರು.

"ನೋಡು ಮಗು," ಅಂತ ಗಂಟಲು ಸರಿ ಮಾಡ್ಕೊಂಡ್ರು ದೊಡ್ಡ ಮನುಷ್ಯರು, "ಬಡತನ ಅಂತ ಕುಗ್ಗಬಾರ್ದು. ನಿಮ್ಮಪ್ಪ, ನಿಮ್ಮಜ್ಜ ಏನೂ ಮಾಡದೆ ಇದ್ದಿರಬಹುದು. ನೀನು ಓದಿ ಮುಂದೆ ಬರಬೇಕು!"

ಎಲ್ಲರೂ ಚಪ್ಪಾಳೆ ತಟ್ಟಿದ್ರು. ಹುಡುಗ ಬಾಯಲ್ಲಿದ್ದ ಕಾಲರ್ ತೆಗೆದು, ಪ್ಯಾಂಟು ಹಿಂದೆ ಮುಂದೆ ತಿರುಗಿಸಿ ನೋಡಿ ಅಂದ:

"ಅಜ್ಜಾ, ಇದು ನಂದೇ ಹಳೇ ಪ್ಯಾಂಟು."

ಚಪ್ಪಾಳೆ ಅರ್ಧಕ್ಕೇ ನಿಂತುಹೋಯ್ತು. ದೊಡ್ಡ ಮನುಷ್ಯರು ಜೇಬೆಲ್ಲ ತಡಕಾಡಿ ಕನ್ನಡಕ ಹಾಕ್ಕೊಂಡ್ರು. ನೋಡಿದ್ರು. ಮೊಮ್ಮಗ! ಕಾರಲ್ಲಿ ಜೊತೆಗೆ ಬಂದು, ಆಟ ಆಡೋಕೆ ಇಳಿದಿದ್ದ ಹುಡುಗ.

"ನಿನ್ನದು ಹೆಂಗೋ ಆಗ್ತದೆ?"

"ನೋಡು, ಇಂಕಿನ ಕಲೆ. ಗಿಡ್ಡ ಆಯ್ತು ಅಂತ ಅಮ್ಮ ಇಲ್ಲಿಗೆ ಕೊಟ್ಟಿದ್ಲು." ಪ್ಯಾಂಟು ಕಾಲಿಗೆ ಹಿಡಿದು ನೋಡಿ ಕಣ್ಣರಳಿಸ್ದ. "ಅಜ್ಜಾ, ಈಗ ಸರಿ ಆಗಿದೆ! ಯಾರೋ ಉದ್ದ ಮಾಡವ್ರೆ!"

ಯಾರೋ ಅಂದ್ರೆ ಆಪಾ. ಒಳಗೆ ಮಡಚಿದ್ದ ಅಂಚು ಬಿಚ್ಚಿ ಅವರೇ ಹೊಲಿದಿದ್ರು. "ಕೊಡೋ ಅದನ್ನ ವಾಪಸ್" ಅಂತ ಅಜ್ಜ ಕೈ ಚಾಚಿದ್ರೆ ಮೊಮ್ಮಗ ಪ್ಯಾಂಟನ್ನ ಎದೆಗೊತ್ಕೊಂಡ. "ನೀನೇ ಕೊಟ್ಟೆ, ಎಲ್ಲರೂ ಚಪ್ಪಾಳೆ ತಟ್ಟಿದ್ರು. ವಿಡಿಯೋ ಇದೆ." ಫೋಟೋಗ್ರಾಫರು ತಲೆ ಆಡಿಸ್ದ, "ಇದೆ ಸಾರ್."

ಕಾರು ಹೋದ ಮೇಲೆ ಆಪಾ ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿ ನಕ್ಕಿದ್ದೇ ನಕ್ಕಿದ್ದು. ನಕ್ಕು ಸುಸ್ತಾಗಿ ಪರ್ಸಿಂದ ಕೀ ತೆಗೆದು ನನ್ನ ಕೈಯಲ್ಲಿಟ್ಟು ಮುಷ್ಟಿ ಮುಚ್ಚಿದ್ರು. "ತಾತಾ, ನಮ್ ಒಂದು ಮಗೂನೂ ನಿಲ್ಲಿಸದೆ, ಅವರ ಮಗೂನೇ ತಂದು ಅವರ ಮುಂದೆ ನಿಲ್ಲಿಸಿದ್ರಲ್ಲ! ಎಂಥಾ ದಿಮಾಗ್ ನಿಮ್ದು! ಇಂಥಾ ಉಪಾಯ ನಂಗೂ ಹೊಳೀತಿರ್ಲಿಲ್ಲ."

ನಂಗೂ ಹೊಳೆದಿರಲಿಲ್ಲ. ಆದ್ರೆ ಹೊಗಳ್ತಾ ಇರೋರನ್ನ ಅರ್ಧದಲ್ಲಿ ತಡೆಯೋದು ನಮ್ಮ ಮನೆತನದಲ್ಲಿ ಇಲ್ಲ. ಕೀ ಉಡದಾರಕ್ಕೆ ಕಟ್ಕೊಂಡೆ, ಮಗ್ಗದ ಗಂಟೇ ಹಾಕ್ದೆ.

ಸೋಮವಾರ ಬೀರು ಬಂತು. ಬೀರು ಜೊತೆ ಫೋಟೋಗ್ರಾಫರು, ಬ್ಯಾನರು ಯಾರೂ ಬರ್ಲಿಲ್ಲ. ಆದ್ರೆ ಆ ಫೋಟೋಗ್ರಾಫರು ಮೊದಲೇ ಬರೆದಿಟ್ಕೊಂಡಿದ್ದ ಸಾಲು ಹಾಕಿ, ಹುಡುಗ "ಅಜ್ಜಾ" ಅಂದದ್ದೂ ಸೇರಿ ಪೂರ್ತಿ ವಿಡಿಯೋನ "ಬಡ ವಿದ್ಯಾರ್ಥಿಗೆ ಸಮವಸ್ತ್ರ ವಿತರಣೆ" ಅಂತ ಊರಿನ ಎಲ್ಲ ವಾಟ್ಸಾಪ್ ಗುಂಪಿಗೂ ಬಿಟ್ಬಿಟ್ಟಿದ್ದ.

ಮಧ್ಯಾಹ್ನ ಬಾಗಿಲಲ್ಲಿ ದೊಡ್ಡ ಮನುಷ್ಯರ ಸೊಸೆ ಬಂದು ನಿಂತ್ಲು. ಜಗಳಕ್ಕೇ ಬಂದಿದಾಳೆ ಅಂತ ನಾನು ಬೀರು ಹಿಂದೆ ಸರ್ಕೊಂಡೆ. ಅವಳು ಆ ಕಡೆ ಈ ಕಡೆ ನೋಡಿ, ದನಿ ಇಳಿಸಿ ಅಂದ್ಲು:

"ತಾತಾ, ನನ್ನ ಮಗ ಬಡ ವಿದ್ಯಾರ್ಥಿ ಅಂತ ಹೆಂಗೂ ಊರಿಗೆಲ್ಲ ಗೊತ್ತಾಗಿಹೋಗಿದೆ. ಆ ಪ್ಯಾಂಟಿಗೆ ಒಪ್ಪೋ ಅಂಗಿ ಇದ್ರೆ ಒಂದು ಕೊಡ್ತೀರಾ?"